ಒಂಬತ್ತು ವರ್ಷದ ಸ್ಪ್ರೆಡ್‌ಶೀಟು, ಹದಿನೆಂಟು ತುಂಬಿದ ಮಗಳು

ಈ ಬ್ಲಾಗನ್ನು ಮೊದಲಿನಿಂದ ಓದಿಕೊಂಡು ಬಂದವರಿಗೆ ನೆನಪಿರಬಹುದು. ಹೆಚ್ಚು ಡಿಡಕ್ಟಿಬಲ್ ಇರುವ ಹೆಲ್ತ್ ಪ್ಲಾನ್ ತಗೊಳ್ಳಿ, ಉಳಿದ ಪ್ರೀಮಿಯಂ ಹಣವನ್ನು ಎಚ್‌ಎಸ್‌ಎಗೆ ಹಾಕಿ, ಮೂರು ಕಡೆ ತೆರಿಗೆ ಉಳಿಯುತ್ತದೆ ಎಂದು ನಾನು ಒಂದಲ್ಲ ಎರಡಲ್ಲ, ನಾಲ್ಕು ಸಲ ಬರೆದಿದ್ದೇನೆ. ಲೆಕ್ಕ ತಪ್ಪಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಸಂಗತಿ ಇರಲಿಲ್ಲ. ಅದನ್ನು ಬರೆಯುವುದಕ್ಕೆ ಒಂದೂವರೆ ವರ್ಷ ಬೇಕಾಯಿತು. ಮಗಳ ಒಪ್ಪಿಗೆ ಬೇಕಿತ್ತು, ಕೊಟ್ಟಿದ್ದಾಳೆ. ಹೆಸರು ಬೇಡ, ಫೋಟೋ ಬೇಡ, ತನ್ನನ್ನು 'ಪಾಪ' ಅನ್ನಬಾರದು, ಇವು ಅವಳ ಷರತ್ತುಗಳು.

ಅವಳಿಗೆ ಟೈಪ್ 1 ಡಯಾಬಿಟಿಸ್ ಇದೆ ಎಂದು ಗೊತ್ತಾದಾಗ ಒಂಬತ್ತು ವರ್ಷ. ಹಾಸನದಲ್ಲಿ ನನ್ನ ತಾಯಿಗೂ 'ಶುಗರ್' ಇದೆ, ಹಾಗಾಗಿ ಅವರಿಗೆ ಇದು ತಮ್ಮದೇ ಕಾಯಿಲೆ ಮೊಮ್ಮಗಳಿಗೆ ಬೇಗ ಬಂದಂತೆ ಕಂಡಿತು. ಸಿಹಿ ಕೊಡಬೇಡಿ, ಮೆಂತ್ಯ ನೆನೆಸಿ ಕೊಡಿ ಎಂದರು, ಹಾಸನಾಂಬೆಗೆ ಹರಕೆ ಹೊತ್ತರು. ಎರಡಕ್ಕೂ ಹೆಸರು ಒಂದೇ ಇದ್ದರೂ ಕಾಯಿಲೆ ಬೇರೆ. ಇವಳ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹೊರಗಿನಿಂದ ಕೊಡುವುದು ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಏರುತ್ತದೆ, ದಿನದೊಳಗೆ ಜೀವಕ್ಕೆ ಅಪಾಯ. ಇದನ್ನು ಅಮ್ಮನಿಗೆ ಅರ್ಥ ಮಾಡಿಸುವುದಕ್ಕೆ ಎರಡು ವರ್ಷ ಹಿಡಿಯಿತು. ನನಗೆ ಪೂರ್ತಿ ಅರ್ಥವಾಗಲು ಒಂಬತ್ತು ವರ್ಷ ಹಿಡಿಯಿತು ಅಂತ ಈಗ ಅನಿಸುತ್ತದೆ.

ನಾನು ಅನಾಲಿಸ್ಟ್. ಹೆದರಿಕೆಯಾದರೆ ಎಕ್ಸೆಲ್ ತೆಗೆಯುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಶುರುವಾದ ಆ ಫೈಲಿನಲ್ಲಿ ಎಲ್ಲವೂ ಇತ್ತು: ಇನ್ಸುಲಿನ್ ಬಾಟಲಿ ಯಾವಾಗ ತೆರೆದದ್ದು, ಹತ್ತು ದಿನಕ್ಕೊಮ್ಮೆ ಬದಲಿಸುವ ಸೆನ್ಸರ್ ಎಷ್ಟು ಉಳಿದಿವೆ, ಪಂಪಿನ ಇನ್ಫ್ಯೂಷನ್ ಸೆಟ್‌ಗಳ 90 ದಿನದ ಆರ್ಡರ್, ಯಾವುದು ಫಾರ್ಮಸಿಯಿಂದ ಬರುತ್ತದೆ, ಯಾವುದು ಉಪಕರಣ ಸಪ್ಲೈಯರ್‌ನಿಂದ, ಪ್ರಯರ್ ಆಥರೈಸೇಶನ್ ಯಾವ ತಿಂಗಳು ಮುಗಿಯುತ್ತದೆ. ಬಣ್ಣ ಬಣ್ಣದ ಕಾಲಂಗಳು. ಒಂಬತ್ತು ವರ್ಷದಲ್ಲಿ ಒಂದು ಸಲವೂ ನಮ್ಮ ಮನೆಯಲ್ಲಿ ಏನೂ ಖಾಲಿಯಾಗಲಿಲ್ಲ. ಆ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಹೇಳುವುದಿಲ್ಲ.

ಅವಳಿಗೆ ಹದಿನೈದಾದಾಗ ಮಕ್ಕಳ ಕ್ಲಿನಿಕ್‌ನಲ್ಲಿ ಒಂದು ಫಾರಂ ಕೊಟ್ಟರು. 'ನಿನ್ನ ಔಷಧಿಗಳ ಹೆಸರು ಗೊತ್ತೇ? ರೀಫಿಲ್ ಮಾಡಿಸಲು ಬರುತ್ತದೆಯೇ? ನಿನ್ನ ಇನ್ಶೂರೆನ್ಸ್ ಯಾವುದು? ಅಪಾಯಿಂಟ್‌ಮೆಂಟ್ ನೀನೇ ತೆಗೆದುಕೊಳ್ಳಬಲ್ಲೆಯಾ?' ಇಂಥ ಪ್ರಶ್ನೆಗಳು. ಮಗು ದೊಡ್ಡವರ ವೈದ್ಯರ ಕಡೆಗೆ ಹೋಗಲು ಎಷ್ಟು ಸಿದ್ಧವಾಗಿದೆ ಎಂದು ತಿಳಿಯುವ ಫಾರಂ ಅದು. ಅವಳು ಫೋನ್ ನೋಡುತ್ತ ಕೂತಿದ್ದಳು. ಫಾರಂ ತುಂಬಿದ್ದು ನಾನು. ಎಲ್ಲದಕ್ಕೂ 'ಹೌದು' ಎಂದು ಗುರುತು ಹಾಕಿದೆ. ನನಗೆ ಎಲ್ಲವೂ ಗೊತ್ತಿತ್ತಲ್ಲ!

ಅಮೆರಿಕದಲ್ಲಿ ಮಕ್ಕಳ ವೈದ್ಯರ, ಕುಟುಂಬ ವೈದ್ಯರ ಮತ್ತು ಫಿಸಿಷಿಯನ್ನರ ಸಂಘಗಳು ಸೇರಿ ಈ ದಾಟುವಿಕೆಗೆ ಒಂದು ಮಾರ್ಗಸೂಚಿಯನ್ನೇ ಮಾಡಿವೆ. 2011ರಲ್ಲಿ ಬಂದದ್ದು, 2018ರಲ್ಲಿ ಪರಿಷ್ಕಾರವಾಗಿದೆ. ಮಾತು 12ನೇ ವಯಸ್ಸಿಗೆ ಶುರುವಾಗಬೇಕು, 14ಕ್ಕೆ ಯೋಜನೆ ಇರಬೇಕು, 18ರಿಂದ 21ರ ಒಳಗೆ ವರ್ಗಾವಣೆ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು, ಅಲ್ಲಿ 13-14ಕ್ಕೆ ಶುರು. ಅಂದರೆ ಆ ಫಾರಂ ಸುಮ್ಮನೆ ಕೊಟ್ಟದ್ದಲ್ಲ. ಅದು ಪರೀಕ್ಷೆ, ನಾನು ಮಗಳ ಪರವಾಗಿ ಕಾಪಿ ಹೊಡೆದೆ.

ಇಲ್ಲೊಂದು ಮಾತು. ಈ ಸಮಸ್ಯೆ ಹೊಸದು, ಮತ್ತು ಒಂದು ರೀತಿಯಲ್ಲಿ ಒಳ್ಳೆಯ ಸಮಸ್ಯೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚುಮದ್ದು ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳು ದೊಡ್ಡವರಾಗುತ್ತಲೇ ಇರಲಿಲ್ಲ. ಅವನು ಇನ್ನೂ 13 ವರ್ಷ ಬದುಕಿದ. ಹುಟ್ಟಿನಿಂದ ಹೃದಯದ ತೊಂದರೆ ಇರುವವರಲ್ಲಿ ಇವತ್ತು ಅಮೆರಿಕದಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಹಾಗೇ. ಮಕ್ಕಳು ಉಳಿದು ದೊಡ್ಡವರಾಗುತ್ತಿದ್ದಾರೆ. ಆದರೆ ವ್ಯವಸ್ಥೆಯನ್ನು ಎರಡು ಮನೆಯಾಗಿ ಕಟ್ಟಿದ್ದಾರೆ, ನಡುವೆ ಒಂದು ಓಣಿ. ಆ ಓಣಿಯಲ್ಲಿ ದೀಪವಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಹೀಗೆ.

ಮೇ ತಿಂಗಳಲ್ಲಿ ಅವಳಿಗೆ 18 ತುಂಬಿತು. ಜೂನ್‌ನಲ್ಲಿ ಮಕ್ಕಳ ಕ್ಲಿನಿಕ್‌ಗೆ ಕೊನೆಯ ಭೇಟಿ. ನರ್ಸ್ ಅಪ್ಪಿಕೊಂಡು ಬೀಳ್ಕೊಟ್ಟರು, ದೊಡ್ಡವರನ್ನು ನೋಡುವ ವೈದ್ಯರ ಒಂದು ಪಟ್ಟಿ ಕೊಟ್ಟರು. ಪಟ್ಟಿಯಲ್ಲಿದ್ದವರೆಲ್ಲ ನಮ್ಮ ನ್ಯೂಜೆರ್ಸಿಯವರು. ಮಗಳು ಓದಲು ಹೋಗುತ್ತಿದ್ದದ್ದು ಓಹಾಯೋಗೆ. ಅಲ್ಲಿ ಹುಡುಕೋಣ ಎಂದರೆ ನಮ್ಮದು ಇಪಿಒ ಪ್ಲಾನ್: ತುರ್ತು ಚಿಕಿತ್ಸೆ ಎಲ್ಲಿಯಾದರೂ ಸರಿ, ಮಿಕ್ಕಿದ್ದೆಲ್ಲ ಅವರ ನೆಟ್‌ವರ್ಕ್‌ನಲ್ಲೇ ಆಗಬೇಕು, ಆ ನೆಟ್‌ವರ್ಕ್ ಓಹಾಯೋದಲ್ಲಿ ಇಲ್ಲ. ಹಿಂದಿನ ನವೆಂಬರ್‌ನಲ್ಲಿ ಪ್ಲಾನ್ ಆರಿಸುವಾಗ ಅವಳಿಗೆ ಯಾವ ಕಾಲೇಜಿನಲ್ಲಿ ಸೀಟು ಸಿಗುತ್ತದೆಂದೇ ಗೊತ್ತಿರಲಿಲ್ಲ. '26ರ ವರೆಗೆ ಮಕ್ಕಳು ನಮ್ಮ ಇನ್ಶೂರೆನ್ಸ್‌ನಲ್ಲಿ ಇರಬಹುದು' ಎನ್ನುವುದು 2010ರ ಕಾನೂನಿನ ದೊಡ್ಡ ಉಪಕಾರ. ಆದರೆ ಇರುವುದು ಬೇರೆ, ಅವರು ಇರುವ ಊರಿನಲ್ಲಿ ಅದು ಉಪಯೋಗಕ್ಕೆ ಬರುವುದು ಬೇರೆ.

ಕಾಲೇಜು ತನ್ನದೇ ಹೆಲ್ತ್ ಪ್ಲಾನ್ ಕೊಡುತ್ತಿತ್ತು, ವರ್ಷಕ್ಕೆ ಸುಮಾರು 2,900 ಡಾಲರ್. ಬೇರೆ ಇನ್ಶೂರೆನ್ಸ್ ಇದೆ ಎಂದು ತೋರಿಸಿದರೆ ಬೇಡ ಎನ್ನಬಹುದು. ಆಗಸ್ಟ್‌ನಲ್ಲಿ ನಾನು ಆ ಆನ್‌ಲೈನ್ ಫಾರಂ ತುಂಬಿ ಬೇಡ ಎಂದೆ. 2,900 ಉಳಿಯಿತು ಎಂದು ಹೆಂಡತಿಗೆ ಹೇಳಿದ್ದೂ ನೆನಪಿದೆ. ಡಿಸೆಂಬರ್ ರಜೆಯಲ್ಲಿ ಮನೆಗೆ ಬಂದಾಗ ನೋಡಲಿ ಎಂದು ನ್ಯೂಜೆರ್ಸಿಯ ಹೊಸ ವೈದ್ಯರ ಅಪಾಯಿಂಟ್‌ಮೆಂಟ್ ತಗೊಂಡೆ. ಜೂನ್‌ನಿಂದ ಡಿಸೆಂಬರ್‌ಗೆ ಆರು ತಿಂಗಳು. ಆ ಆರು ತಿಂಗಳಿಗೆ ಅವಳಿಗೆ ಪ್ರಿಸ್ಕ್ರಿಪ್ಷನ್ ಬರೆಯುವವರು ಯಾರು ಎಂದು ನಾನೂ ಕೇಳಲಿಲ್ಲ, ಕ್ಲಿನಿಕ್‌ನವರೂ ಹೇಳಲಿಲ್ಲ.

ಸೆಪ್ಟೆಂಬರ್‌ನಲ್ಲಿ ಸಪ್ಲೈಯರ್ ಇನ್ಫ್ಯೂಷನ್ ಸೆಟ್‌ಗಳ ಆರ್ಡರ್ ನವೀಕರಿಸಲು ಹಳೆಯ ಕ್ಲಿನಿಕ್‌ಗೆ ಬರೆದರು. 'ಈಗ ನಮ್ಮ ಪೇಷಂಟ್ ಅಲ್ಲ' ಎಂಬ ಉತ್ತರ ಬಂತು. 18 ತುಂಬಿದ್ದರಿಂದ ಸಪ್ಲೈಯರ್‌ನ ಮೆಸೇಜ್ ನನಗೆ ಬರುವುದು ನಿಂತು ಅವಳ ಇಮೇಲ್‌ಗೆ ಹೋಗುತ್ತಿತ್ತು. ಅದು ಹೈಸ್ಕೂಲಿನ ಇಮೇಲ್, ಅವಳು ತೆರೆಯುವುದೇ ಇಲ್ಲ. ನನಗೆ ಮೆಸೇಜ್ ಬರದಿದ್ದದ್ದನ್ನು ನಾನು 'ಎಲ್ಲ ಸರಿಯಾಗಿ ನಡೆಯುತ್ತಿದೆ' ಎಂದು ಓದಿಕೊಂಡೆ. ಪೆಟ್ಟಿಗೆ ಬರದಿದ್ದದ್ದನ್ನು ಅವಳು 'ಅಪ್ಪ ಕಳಿಸುತ್ತಾನೆ' ಎಂದು ಓದಿಕೊಂಡಳು. ಆಫೀಸಿನಲ್ಲಿ ಇಬ್ಬರು ಮ್ಯಾನೇಜರ್‌ಗಳ ನಡುವೆ ಒಂದು ಕೆಲಸ ಬಿದ್ದುಹೋಗುವುದನ್ನು ನೂರು ಸಲ ನೋಡಿದ್ದೇನೆ. ಮನೆಯಲ್ಲಿ ನೋಡಿರಲಿಲ್ಲ.

ಸೆಟ್‌ಗಳು ಕಡಿಮೆಯಾದಾಗ ಅವಳು ಮೂರು ದಿನಕ್ಕೆ ಬದಲಿಸಬೇಕಾದ್ದನ್ನು ಐದು ದಿನಕ್ಕೆ ಎಳೆದಳು. ಹೇಳಲಿಲ್ಲ. ಹೇಳಿದ್ದರೆ ನಾನು ಬೈಯುತ್ತಿದ್ದೆ, ಅದೂ ನಿಜ. ಅಕ್ಟೋಬರ್‌ನ ಒಂದು ರಾತ್ರಿ ಚರ್ಮದ ಕೆಳಗಿನ ಆ ಸಣ್ಣ ಕೊಳವೆ ಕಟ್ಟಿಕೊಂಡಿತು. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿದುಹೋಗುವ ಇನ್ಸುಲಿನ್ ಮಾತ್ರ, ದಾಸ್ತಾನು ಎಂಬುದಿಲ್ಲ. ಇಂಥ ಹೊತ್ತಿಗೆಂದೇ ಇರಬೇಕಾದ ದೀರ್ಘಕಾಲದ ಇನ್ಸುಲಿನ್ ಪೆನ್ ಅವಧಿ ಮೀರಿತ್ತು. ವಾಂತಿ ಶುರುವಾಯಿತು, ರೂಮ್‌ಮೇಟ್ ಹೊಟ್ಟೆ ಕೆಟ್ಟಿದೆ ಅಂದುಕೊಂಡಳು. ಬೆಳಗಿನ ಜಾವ ಮಗಳು ಸರಿಯಾಗಿ ಮಾತಾಡುತ್ತಿಲ್ಲ ಎಂದು ಕಂಡಾಗ ಆ ಹುಡುಗಿ 911ಕ್ಕೆ ಫೋನ್ ಮಾಡಿದಳು. ಆಮೇಲೆ ನಮಗೆ.

ಆಸ್ಪತ್ರೆಗೆ ಫೋನ್ ಮಾಡಿದೆ. ರಿಸೆಪ್ಷನ್‌ನವರು ಕೇಳಿದ ಮೊದಲ ಪ್ರಶ್ನೆ ಅವಳ ವಯಸ್ಸು. 'ಸರ್, 18 ಆಗಿದ್ದರೆ ಅವರ ಅನುಮತಿ ಇಲ್ಲದೆ ಏನೂ ಹೇಳುವ ಹಾಗಿಲ್ಲ.' ಎಂಟು ಗಂಟೆಯ ಡ್ರೈವ್. ಮೊದಲ ಎರಡು ಗಂಟೆ ಅವಳು ಹೇಗಿದ್ದಾಳೆ ಎಂದು ಗೊತ್ತಿಲ್ಲದೆ ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಗಾಡಿ ಓಡಿಸಿದ್ದೇನೆ. ಆಮೇಲೆ ಒಬ್ಬ ಡಾಕ್ಟರೇ ಫೋನ್ ಮಾಡಿ ಮಾತಾಡಿದರು. ಹಿಪಾ ಕಾನೂನು ಬಾಗಿಲನ್ನು ಪೂರ್ತಿ ಮುಚ್ಚಿಲ್ಲ ಎಂದು ನಂತರ ತಿಳಿಯಿತು. ರೋಗಿ ಹೇಳುವ ಸ್ಥಿತಿಯಲ್ಲಿ ಇಲ್ಲದಾಗ ಅವರ ಹಿತಕ್ಕೆ ಬೇಕೆಂದು ಕಂಡರೆ ವೈದ್ಯರು ಮನೆಯವರಿಗೆ ತಿಳಿಸಬಹುದು. ಆದರೆ ಫೋನ್ ಎತ್ತಿದವರ ಎದುರು ಕಾನೂನು ವಾದಿಸಲಾಗುವುದಿಲ್ಲ. ಒಂದು ಪುಟದ ಅನುಮತಿ ಪತ್ರ ಇದ್ದಿದ್ದರೆ ಆ ಎರಡು ಗಂಟೆ ಇರುತ್ತಿರಲಿಲ್ಲ.

ಎರಡು ರಾತ್ರಿ ಐಸಿಯು. ಬಿಲ್ಲಿನಲ್ಲಿ ನಮ್ಮ ಪಾಲಿಗೆ ಬಂದದ್ದು 6,000 ಡಾಲರ್‌ಗೆ ಸ್ವಲ್ಪ ಕಡಿಮೆ. 2,900 ಉಳಿಸಿದ್ದೆನಲ್ಲ! ಆದರೆ ಈ ಹೋಲಿಕೆಯನ್ನು ನಾನೇ ನಂಬುವುದಿಲ್ಲ, ಹಣ ಇಲ್ಲಿ ಚಿಕ್ಕ ವಿಷಯ. ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು 'ಮಿಡ್‌ಟರ್ಮ್ ಮಿಸ್ ಆಯ್ತಾ' ಎಂದು. ಎರಡನೆಯದು, 'ಅಪ್ಪ, ಬಾಕ್ಸ್ ಯಾಕೆ ಕಳಿಸ್ಲಿಲ್ಲ ನೀನು?'

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲೇ ಅವಳು ತನ್ನ ಶುಗರ್ ರೀಡಿಂಗ್ ನಮ್ಮ ಫೋನಿಗೆ ಬರುವುದನ್ನು ನಿಲ್ಲಿಸಿದ್ದಳು. ಅದನ್ನು ನಾನು ಬೇಜವಾಬ್ದಾರಿ ಎಂದುಕೊಂಡಿದ್ದೆ. ಒಂಬತ್ತನೇ ವಯಸ್ಸಿನಿಂದ ತನ್ನ ರಕ್ತದ ಒಂದೊಂದು ಅಂಕಿಯನ್ನೂ ಅಪ್ಪ ಆಫೀಸಿನಿಂದ ನೋಡಿ 'ಏನು ತಿಂದೆ?' ಎಂದು ಮೆಸೇಜ್ ಮಾಡುವುದನ್ನು ಸಹಿಸಿಕೊಂಡ ಹುಡುಗಿ ಅವಳು, ಎಂದು ಹೆಂಡತಿ ಹೇಳಿದಳು. ಕಾರ್ಬ್ ಎಣಿಸುವುದು, ಡೋಸ್ ಹಾಕುವುದು, ರಾತ್ರಿ ಎದ್ದು ಜ್ಯೂಸ್ ಕುಡಿಯುವುದು, ಕಾಯಿಲೆಯ ಕೆಲಸವನ್ನೆಲ್ಲ ಅವಳು ನಮಗಿಂತ ಚೆನ್ನಾಗಿ ಮಾಡುತ್ತಿದ್ದಳು. ಗೊತ್ತಿಲ್ಲದ್ದು ಕಾಯಿಲೆಯ ಸುತ್ತಲಿನ ಕೆಲಸ: ಫೋನ್‌ನಲ್ಲಿ ನಲವತ್ತು ನಿಮಿಷ ಕಾಯುವುದು, 'ಇದು ಫಾರ್ಮಸಿ ಬೆನಿಫಿಟ್ ಅಲ್ಲ, ಉಪಕರಣದ ಬೆನಿಫಿಟ್' ಎಂದು ಕೇಳಿಸಿಕೊಂಡು ಇನ್ನೊಂದು ನಂಬರ್‌ಗೆ ಮಾಡುವುದು. ಅದನ್ನು ಅವಳ ಕಣ್ಣಿಗೇ ಬೀಳದಂತೆ ಮಾಡಿದ್ದು ನಾನು, ಪ್ರೀತಿಯಿಂದಲೇ.

ಈಗ ಪ್ರಾಕ್ಟಿಕಲ್ ವಿಷಯಕ್ಕೆ ಬರುತ್ತೇನೆ. ಇನ್ನೂ ಸಮಯ ಇರುವವರಿಗೆ ಇದು. ಡಯಾಬಿಟಿಸ್ ಮಾತ್ರವಲ್ಲ, ಆಸ್ತಮಾ, ಎಪಿಲೆಪ್ಸಿ, ಥಲಸ್ಸೀಮಿಯಾ, ಕ್ರೋನ್ಸ್, ಯಾವುದಾದರೂ ಸರಿ.

18ರ ಹುಟ್ಟುಹಬ್ಬದ ವಾರ ಮೂರು ಕಾಗದಗಳಿಗೆ ಮಗುವಿನ ಸಹಿ ಬೇಕು: ಹಿಪಾ ಅನುಮತಿ, ಹೆಲ್ತ್‌ಕೇರ್ ಪ್ರಾಕ್ಸಿ, ಪವರ್ ಆಫ್ ಅಟಾರ್ನಿ. ರಾಜ್ಯದಿಂದ ರಾಜ್ಯಕ್ಕೆ ಫಾರಂ ಬೇರೆ, ಹಾಗಾಗಿ ಮನೆಯ ರಾಜ್ಯದ್ದೂ ಕಾಲೇಜಿನ ರಾಜ್ಯದ್ದೂ ಮಾಡಿಸಿಡಿ. ಇದು ಅವರ ಒಪ್ಪಿಗೆ, ನಮ್ಮ ಹಕ್ಕಲ್ಲ. ಕೇಳುವ ರೀತಿಯಲ್ಲಿ ಕೇಳಬೇಕು. ಶಾಲೆಯಲ್ಲಿದ್ದ 504 ಪ್ಲಾನ್ ಕಾಲೇಜಿಗೆ ತಾನಾಗಿ ಹಿಂಬಾಲಿಸುವುದಿಲ್ಲ. ಅಲ್ಲಿನ ಡಿಸೆಬಿಲಿಟಿ ಆಫೀಸಿನಲ್ಲಿ ವಿದ್ಯಾರ್ಥಿಯೇ ಹೋಗಿ ನೋಂದಾಯಿಸಬೇಕು. ಆ ಪದ ಕೇಳಿದರೆ ನಮ್ಮವರು ಹಿಂದೆ ಸರಿಯುತ್ತಾರೆ, 'ಸಂಬಂಧ ನೋಡುವಾಗ ತೊಂದರೆಯಾದರೆ?' ಎಂದು ನನ್ನನ್ನೇ ಕೇಳಿದವರಿದ್ದಾರೆ. ಪರೀಕ್ಷೆಯ ನಡುವೆ ಶುಗರ್ ಇಳಿದರೆ ಹತ್ತು ನಿಮಿಷ ಹೆಚ್ಚು ಸಿಗುವುದು ಆ ನೋಂದಣಿಯಿಂದ. ಅಷ್ಟೇ ಹೇಳುತ್ತೇನೆ.

ಹಳೆಯ ಡಾಕ್ಟರ್ ಬಿಡುವ ಮುನ್ನ ಹೊಸ ಡಾಕ್ಟರರ ಮೊದಲ ಭೇಟಿ ಆಗಿರಲಿ. ಆಗದಿದ್ದರೆ, ಆ ಭೇಟಿಯ ದಿನದವರೆಗೆ ಯಾರು ಪ್ರಿಸ್ಕ್ರಿಪ್ಷನ್ ಬರೆಯುತ್ತಾರೆ ಎಂದು ಹಳೆಯ ಕ್ಲಿನಿಕ್‌ನಿಂದ ಬರಹದಲ್ಲಿ ತಗೊಳ್ಳಿ. ವೈದ್ಯರು ಬದಲಾದರೆ ಪಂಪ್, ಸೆನ್ಸರ್‌ಗಳ ಆರ್ಡರೂ ಆಥರೈಸೇಶನ್ನೂ ಹೊಸದಾಗಿ ಆಗಬೇಕಾಗಬಹುದು. ಕೈಯಲ್ಲಿ 90 ದಿನದ ಸಾಮಾನು ಇಲ್ಲದೆ ದಾಟಬೇಡಿ. ಪ್ಲಾನ್ ಆರಿಸುವಾಗ ಮಗು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದರೆ ದೇಶದ ಎಲ್ಲ ಕಡೆ ನೆಟ್‌ವರ್ಕ್ ಇರುವ ಪಿಪಿಒ ತಗೊಳ್ಳಿ. ನಾವು ಆ ನವೆಂಬರ್‌ನಲ್ಲಿ ಬದಲಿಸಿದೆವು, ತಿಂಗಳಿಗೆ ಸುಮಾರು 190 ಡಾಲರ್ ಹೆಚ್ಚು. ಎಚ್‌ಎಸ್‌ಎಗೆ ಹೊಸದಾಗಿ ಹಾಕುವುದು ನಿಂತಿತು, ಹಳೆಯ ಹಣ ಹಾಗೇ ಇದೆ. ನನ್ನ ನಾಲ್ಕು ಪೋಸ್ಟುಗಳಿಗೆ ಇದನ್ನು ತಿದ್ದುಪಡಿ ಎಂದುಕೊಳ್ಳಿ.

ಎಚ್‌ಎಸ್‌ಎ ಮುಂದುವರಿಸುವವರು ಗಮನಿಸಬೇಕಾದದ್ದು, ನಾನು ಮೊದಲು ಸರಿಯಾಗಿ ಬರೆಯದೆ ಬಿಟ್ಟದ್ದು: ಮಗು 26ರ ವರೆಗೆ ನಿಮ್ಮ ಪ್ಲಾನಿನಲ್ಲಿ ಇರಬಹುದು, ಆದರೆ ನಿಮ್ಮ ಎಚ್‌ಎಸ್‌ಎ ಹಣ ತೆರಿಗೆ ಲೆಕ್ಕದಲ್ಲಿ ನಿಮ್ಮ ಡಿಪೆಂಡೆಂಟ್ ಆಗಿರುವ ತನಕ ಮಾತ್ರ ಅವರ ಖರ್ಚಿಗೆ ಸಲ್ಲುತ್ತದೆ. ಪೂರ್ಣಾವಧಿ ವಿದ್ಯಾರ್ಥಿಯಾದರೆ ಸಾಮಾನ್ಯವಾಗಿ 24 ತುಂಬುವ ವರ್ಷಕ್ಕೆ ಅದು ಮುಗಿಯುತ್ತದೆ, ಓದು ಮುಗಿಸಿ ಕೆಲಸಕ್ಕೆ ಸೇರಿದರೆ ಇನ್ನೂ ಮೊದಲೇ. ಆಮೇಲೂ ಆ ಹಣದಿಂದ ಕೊಟ್ಟರೆ ತೆರಿಗೆ, ಮೇಲೆ ಶೇಕಡಾ 20 ದಂಡ. ಇದರ ಇನ್ನೊಂದು ಮುಖ ಚೆನ್ನಾಗಿದೆ. ಡಿಪೆಂಡೆಂಟ್ ಅಲ್ಲದ ಮಗು ನಿಮ್ಮ ಹೆಚ್ಚು ಡಿಡಕ್ಟಿಬಲ್ ಫ್ಯಾಮಿಲಿ ಪ್ಲಾನಿನಲ್ಲೇ ಇದ್ದು, ಬೇರೆ ಇನ್ಶೂರೆನ್ಸ್ ಇಲ್ಲದಿದ್ದರೆ, ತನ್ನದೇ ಎಚ್‌ಎಸ್‌ಎ ತೆರೆದು ಫ್ಯಾಮಿಲಿ ಮಿತಿಯಷ್ಟೂ ಹಾಕಬಹುದು. 2026ಕ್ಕೆ ಅದು 8,750 ಡಾಲರ್. ನೀವೇ ಹಣ ಕೊಟ್ಟರೂ ಆಗುತ್ತದೆ, ತೆರಿಗೆ ಲಾಭ ಮಗುವಿಗೆ.

26ರ ಹುಟ್ಟುಹಬ್ಬ ಇನ್ನೊಂದು ಓಣಿ. ಬಹಳಷ್ಟು ಕಂಪನಿ ಪ್ಲಾನ್‌ಗಳು ಆ ತಿಂಗಳ ಕೊನೆಗೆ ಮುಗಿಯುತ್ತವೆ. ಹೊಸ ಪ್ಲಾನ್ ಎಂದರೆ ಹೊಸ ಡಿಡಕ್ಟಿಬಲ್, ಸೊನ್ನೆಯಿಂದ. ವರ್ಷವೂ ಡಿಡಕ್ಟಿಬಲ್ ಮುಟ್ಟುವ ಕಾಯಿಲೆ ಇದ್ದು ಹುಟ್ಟುಹಬ್ಬ ಆಗಸ್ಟ್, ಸೆಪ್ಟೆಂಬರ್‌ನಲ್ಲಿದ್ದರೆ ಒಂದೇ ವರ್ಷದಲ್ಲಿ ಎರಡು ಸಲ ಕಟ್ಟಬೇಕಾಗುತ್ತದೆ. ಅಂಥವರು ಡಿಸೆಂಬರ್‌ವರೆಗೆ ಕೋಬ್ರಾ ತಗೊಂಡು ಜನವರಿಯಿಂದ ಹೊಸ ಪ್ಲಾನ್‌ಗೆ ಹೋಗುವುದು ಅಗ್ಗವಾಗಬಹುದು. ಕೋಬ್ರಾದಲ್ಲಿ ಪ್ರೀಮಿಯಂನ ಶೇಕಡಾ 102ರ ವರೆಗೆ ನಾವೇ ಕಟ್ಟಬೇಕು, ವಯಸ್ಸು ಮೀರಿದ ಮಕ್ಕಳಿಗೆ 36 ತಿಂಗಳವರೆಗೆ ಸಿಗುತ್ತದೆ. ಆದರೆ ಜನವರಿಗೆ ಬದಲಾಗಬೇಕಾದರೆ ನವೆಂಬರ್-ಡಿಸೆಂಬರ್‌ನ ಓಪನ್ ಎನ್‌ರೋಲ್‌ಮೆಂಟ್ ತಪ್ಪಿಸಿಕೊಳ್ಳಬಾರದು. ಎರಡೂ ಕಡೆಯ ಲೆಕ್ಕ ಹಾಕಿ ನೋಡಿ, ಹಾಕದೆ ನಿರ್ಧರಿಸಬೇಡಿ.

ಎಚ್-4ನಲ್ಲಿ ಮಕ್ಕಳಿರುವವರು ಇನ್ನೊಂದನ್ನು ಸೇರಿಸಿಕೊಳ್ಳಿ. ವೀಸಾ ಮುಗಿಯುವುದು 21ಕ್ಕೆ, ಇನ್ಶೂರೆನ್ಸ್ 26ಕ್ಕೆ. ಎರಡೂ ಒಂದೇ ಎಂದು ತಿಳಿದು 21ಕ್ಕೇ ಪ್ಲಾನಿನಿಂದ ತೆಗೆಸಿದ ಗೆಳೆಯರಿದ್ದಾರೆ. ಇಂಗ್ಲೆಂಡಿನ ಓದುಗರಿಗೆ ಬಿಲ್ಲಿನ ಚಿಂತೆ ಇಲ್ಲ, ಆದರೆ ಪ್ರಿಸ್ಕ್ರಿಪ್ಷನ್ ತಾನಾಗಿ ಉಚಿತ ಇರುವುದು 16ರ ವರೆಗೆ, ಪೂರ್ಣಾವಧಿ ಓದುತ್ತಿದ್ದರೆ 19 ತುಂಬುವ ವರೆಗೆ. ಆಮೇಲೆ ಇನ್ಸುಲಿನ್ ತೆಗೆದುಕೊಳ್ಳುವವರು ಮೆಡಿಕಲ್ ಎಕ್ಸೆಂಪ್ಷನ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬೇಕು, ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಅರ್ಜಿ ಹಾಕುವವರು ನೀವಲ್ಲ, ಮಗು.

ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಅವಳು ಊಟದ ಮೇಜಿನ ಮೇಲೆ ಫೋನ್ ಸ್ಪೀಕರ್‌ಗೆ ಹಾಕಿ ಸಪ್ಲೈಯರ್‌ಗೆ ಕಾಲ್ ಮಾಡಿದಳು. ನಾನು ಎದುರಿಗೆ ಕೂತಿದ್ದೆ, ಮಾತಾಡುವ ಹಾಗಿಲ್ಲ ಎಂಬ ಕರಾರು. ಮೆಂಬರ್ ಐಡಿ ಕೇಳಿದಾಗ ಅವಳು ನನ್ನ ಮುಖ ನೋಡಿದಳು. ಕಾರ್ಡ್ ಮುಂದಕ್ಕೆ ತಳ್ಳಿದೆ. ಮೂರು ಕಡೆ ವರ್ಗಾಯಿಸಿದರು, ಒಮ್ಮೆ ಲೈನ್ ಕಟ್ಟಾಯಿತು, ಮತ್ತೆ ಮಾಡಿದಳು. ಒಂದು ಗಂಟೆ ಹತ್ತು ನಿಮಿಷ. ನಾನು ಮಾಡಿದ್ದರೆ ಇಪ್ಪತ್ತು ನಿಮಿಷದ ಕೆಲಸ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದು ನನ್ನ ವೃತ್ತಿಜೀವನದ ಯಾವ ಮೀಟಿಂಗಿಗಿಂತಲೂ ಕಷ್ಟವಾಯಿತು. ಆಮೇಲೆ ಒಂಬತ್ತು ವರ್ಷದ ಸ್ಪ್ರೆಡ್‌ಶೀಟನ್ನು ಅವಳಿಗೆ ಕಳಿಸಿಕೊಟ್ಟೆ. ನೋಡಿ ನಕ್ಕಳು. ಫೋನಿನ ನೋಟ್ಸ್‌ನಲ್ಲಿ ಹನ್ನೊಂದು ಸಾಲು ಬರೆದುಕೊಂಡಳು, ಫೈಲ್ ಮತ್ತೆ ತೆರೆದ ಹಾಗೆ ಕಾಣುವುದಿಲ್ಲ. ತೀರಾ ಕಡಿಮೆ ಶುಗರ್ ಆದಾಗ ಬರುವ ಅಲಾರಂ ಈಗ ಇಬ್ಬರಿಗೆ ಹೋಗುತ್ತದೆ: ಆ ರೂಮ್‌ಮೇಟ್‌ಗೆ ಮತ್ತು ಅವಳ ಅಮ್ಮನಿಗೆ. ನನಗಿಲ್ಲ.

ಅವಳೀಗ ಓಹಾಯೋದಲ್ಲೇ ದೊಡ್ಡವರ ಎಂಡೋಕ್ರಿನಾಲಜಿಸ್ಟ್ ಹತ್ತಿರ ಹೋಗುತ್ತಾಳೆ. ಪಾಲಿಸಿ ನನ್ನ ಹೆಸರಿನಲ್ಲಿ ಇರುವುದರಿಂದ ಇನ್ಶೂರೆನ್ಸ್‌ನವರ ವಿವರಣಾ ಪತ್ರ ಈಗಲೂ ನ್ಯೂಜೆರ್ಸಿಗೇ ಬರುತ್ತದೆ. ಕಳೆದ ತಿಂಗಳು ಒಂದು ಬಂತು. ಯಾವ ದಿನ ಹೋಗಿದ್ದಳು, ಡಾಕ್ಟರ್ ಎಷ್ಟು ಕೇಳಿದರು, ನಮ್ಮ ಪಾಲು 45 ಡಾಲರ್, ಎಲ್ಲ ಇತ್ತು. ಅವಳ ಎ1ಸಿ ಎಷ್ಟು ಬಂತು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಭಾನುವಾರ ಫೋನ್ ಮಾಡಿದಾಗ ಆದಷ್ಟು ಸಹಜವಾಗಿ ಕೇಳಿದೆ, 'ಡಾಕ್ಟರ್ ಏನಂದ್ರು?'

'ಚೆನ್ನಾಗಿದೀನಂತೆ,' ಅಂದಳು. 'ಅಮ್ಮಂಗೆ ಕೊಡು ಫೋನು.'